ಶಾಸನಗಳ ಸಂಕೇತಾಕ್ಷರಗಳೂ ಪೂರ್ಣಪದಗಳೂ: ಹಂಪೆಯ ಕೆಲವು ನಿದರ್ಶನಗಳು

ಬರವಣಿಗೆಯಲ್ಲಿ ಪದಗಳನ್ನು ಮೊಟಕುಮಾಡಿ ಬಳಸುವ ರೂಢಿಯು ಇತ್ತೀಚಿನ ಅವಸರದ ಫಲವೆಂದು ಭಾವಿಸುವುದು ಸಾಮಾನ್ಯವಾಗಿದೆ. ಗಣಕಯಂತ್ರದ ಕೈಪಿಡಿಗಳಲ್ಲಿ ಇಂಗ್ಲಿಷಿನ ಸರಿಯಾದ ಪಾರಿಭಾಷಿಕ ಪದಗಳಿಗೆ ಬದಲಾಗಿ ಅವುಗಳ ತುಂಡುಗಳು ನಿಂತಿರುವುದನ್ನು ಕಂಡು ಬೇಸರಪಡುವ ಅಧ್ಯಾಪಕರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಬೇಸರಕ್ಕೆ ಕಾರಣವಿಲ್ಲದಿಲ್ಲ. ಆದರೆ ಹಿಂದಿನವರು ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದರು, ಮೊಟಕುಮಾಡುವುದು ನಮ್ಮ ಕಾಲದ ಸೋಮಾರಿತನ ಎಂಬ ಭಾವನೆ ಮಾತ್ರ ಶಾಸನಗಳ ಮುಂದೆ ನಿಲ್ಲಲಾರದು. ಆಚಂದ್ರಾರ್ಕವಾಗಿ ನಿಲ್ಲಬೇಕೆಂದು ಕಲ್ಲಿನಲ್ಲಿ ಕಂಡರಿಸಿದ ದಾನಪತ್ರಗಳಲ್ಲಿಯೂ ಒಂದೊಂದೇ ಅಕ್ಷರದ ಸಂಕೇತಗಳು ಹೇರಳವಾಗಿವೆ. ಕಲ್ಲಿನ ಮೇಲೆ ಒಂದಕ್ಷರ ಕಡಮೆಯಾದರೆ ರೂವಾರಿಗೆ ಅಷ್ಟು ಶ್ರಮ ಕಡಮೆಯಾಗುತ್ತಿತ್ತೆಂಬುದು ನಿಜ. ಆದರೆ ಇದೇ ಶಾಸನಗಳು ಶಾಪಾಶಯದ ಶ್ಲೋಕಗಳನ್ನೂ ಬಿರುದಾವಳಿಗಳನ್ನೂ ಎಷ್ಟು ಧಾರಾಳವಾಗಿ ಕಂಡರಿಸಿವೆಯೆಂಬುದನ್ನು ನೋಡಿದರೆ, ಶ್ರಮದ ಉಳಿತಾಯವೊಂದೇ ಕಾರಣವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಎಲ್ಲಿ ಮೊಟಕು ಮಾಡಬಹುದು, ಎಲ್ಲಿ ಕೂಡದು ಎಂಬ ವಿಷಯದಲ್ಲಿ ಆ ಕಾಲದ ಲೇಖಕರಿಗೆ ಒಂದು ಕಟ್ಟುಪಾಡು ಇದ್ದಿತು. ಅದು ಯಾವುದು, ಮುಂದೆ ಹೇಗೆ ಸಡಿಲವಾಯಿತು, ಅದರಿಂದ ಇತಿಹಾಸಕಾರನಿಗೆ ಒದಗಿದ ತೊಡಕುಗಳಾವುವು ಎಂಬುದನ್ನು ಹಂಪೆಯ ಬಜಾರಿನ ಆಸುಪಾಸಿನ ಸಾಮಗ್ರಿಯನ್ನೇ ಮುಖ್ಯವಾಗಿಟ್ಟುಕೊಂಡು ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೊದಲು ಕಾಲಸೂಚನೆಯನ್ನು ತೆಗೆದುಕೊಳ್ಳೋಣ. ವಿಜಯನಗರ ಕಾಲದ ಕನ್ನಡ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸಗಳು ಸಾಮಾನ್ಯವಾಗಿ ಪೂರ್ಣವಾಗಿಯೇ ಬರುತ್ತವೆ. ಪಕ್ಷವನ್ನು ಹೇಳುವಾಗ ಮಾತ್ರ ಶುದ್ಧ ಎಂಬುದಕ್ಕೆ ‘ಶು’ ಎಂದೂ ಬಹುಳ ಎಂಬುದಕ್ಕೆ ‘ಬ’ ಎಂದೂ ಒಂದೇ ಅಕ್ಷರವನ್ನು ಬರೆದು, ಮುಂದೆ ತಿಥಿಯ ಅಂಕಿಯನ್ನು ಇಡುವುದುಂಟು. ಕೆಲವು ಲೇಖಕರ ಕೈಯಲ್ಲಿ ‘ಶು’ ಎಂಬುದು ‘ಸು’ ಆಗುತ್ತದೆ. ಈ ಪದ್ಧತಿ ಹಳೆಯದು. ಭಾರತದ ಬೇರೆ ಬೇರೆ ಪ್ರಾಂತಗಳ ಶಾಸನಗಳಲ್ಲಿ ಕಾಣುವ ‘ಶುದಿ’, ‘ಬದಿ’ ಎಂಬ ರೂಪಗಳನ್ನು ಶುಕ್ಲ ಅಥವಾ ಶುದ್ಧದಿನ, ಬಹುಳದಿನ ಎಂಬವುಗಳ ಮೊದಲಕ್ಷರಗಳ ಕೂಟವೆಂದು ವಿದ್ವಾಂಸರು ವಿವರಿಸಿದ್ದಾರೆ. ಕಾಲಕ್ರಮದಲ್ಲಿ ಇವು ಸಂಕೇತಗಳೆಂಬುದೇ ಮರೆತುಹೋಗಿ, ಉತ್ತರದ ಭಾಷೆಗಳಲ್ಲಿ ಸ್ವತಂತ್ರ ಶಬ್ದಗಳಾಗಿ ನಿಂತವು. ಕನ್ನಡದಲ್ಲಿ ಹಾಗಾಗಲಿಲ್ಲ. ನಮ್ಮ ಪಂಚಾಂಗಗಳಲ್ಲಿ ಇಂದಿಗೂ ‘ಶು’ ಎಂಬುದು ಶುದ್ಧವೆಂದೇ ಓದಲ್ಪಡುತ್ತದೆ.

ವಾರದ ಹೆಸರಿಗೂ ಇದೇ ಕ್ರಮ. ಸೋಮವಾರಕ್ಕೆ ‘ಸೋ’, ಮಂಗಳವಾರಕ್ಕೆ ‘ಮಂ’, ಬುಧವಾರಕ್ಕೆ ‘ಬು’ ಹೀಗೆ ಬರೆಯುತ್ತಿದ್ದರು. ಇಲ್ಲಿ ಒಂದು ವಿಚಿತ್ರ ಸನ್ನಿವೇಶ ಒದಗುತ್ತದೆ. ಶುಕ್ರವಾರವನ್ನು ಮೊಟಕುಮಾಡಿದರೆ ಅದೂ ‘ಶು’ ಆಗುತ್ತದೆ. ಪಕ್ಷಕ್ಕೂ ವಾರಕ್ಕೂ ಒಂದೇ ಅಕ್ಷರ. ಕೃಷ್ಣದೇವರಾಯನು ಉದಯಗಿರಿಯಿಂದ ತಂದ ಬಾಲಕೃಷ್ಣನ ಮೂರ್ತಿಯನ್ನು ಪ್ರತಿಷ್ಠಾಪಿಸಿದ ವಿಷಯವನ್ನು ಹೇಳುವ, ಹಂಪೆಯ ಕೃಷ್ಣದೇವಾಲಯದ ಶಾಸನದ ಕಾಲವು ಶಕ ೧೪೩೬, ಭಾವ ಸಂವತ್ಸರ, ಫಾಲ್ಗುಣ ಶುದ್ಧ ೩, ಶುಕ್ರವಾರ. ಎರಡನ್ನೂ ಸಂಕೇತದಲ್ಲಿಯೇ ಬರೆಯುವುದಾದರೆ ‘ಶು ೩ ಶು’ ಎಂದಾಗುತ್ತದೆ. ಆದರೂ ಆ ಕಾಲದ ಓದುಗನಿಗೆ ಗೊಂದಲವಾಗುತ್ತಿರಲಿಲ್ಲ. ಅಂಕಿಯ ಹಿಂದೆ ನಿಂತದ್ದು ಪಕ್ಷ, ಮುಂದೆ ನಿಂತದ್ದು ವಾರ. ಅಕ್ಷರವು ತಾನಾಗಿ ಅರ್ಥವನ್ನು ಹೇಳದಿದ್ದರೂ ಅದು ನಿಂತ ಸ್ಥಾನವು ಹೇಳುತ್ತಿತ್ತು. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ೧೯೨೨ರಲ್ಲಿ ಪ್ರಕಟಿಸಿದ ಪಂಚಾಂಗಕೋಷ್ಟಕಗಳಂಥ ಸಾಧನಗಳಿಂದ ಗಣಿಸಿ ನೋಡಿದರೆ ಶುಕ್ಲಪಕ್ಷದ ತದಿಗೆಯೂ ಶುಕ್ರವಾರವೂ ೧೫೧೫ನೆಯ ಇಸವಿ ಫೆಬ್ರವರಿ ೧೬ರಂದು ಕೂಡಿಬರುತ್ತವೆ. ತಿಥಿಯೊಡನೆ ವಾರವೂ ತಾಳೆಬಿದ್ದುದರಿಂದಲೇ ಇಲ್ಲಿಯ ದಿನಾಂಕವನ್ನು ನಾವು ನಿಸ್ಸಂದೇಹವಾಗಿ ಹೇಳಬಲ್ಲೆವು. ಶಾಸನದ ಕಲ್ಲು ಸವೆದು ಎರಡನೆಯ ‘ಶು’ ಕಾಣದೆ ಹೋಗಿದ್ದರೆ ಈ ತಾಳೆಗೆ ಅವಕಾಶವೇ ಇರುತ್ತಿರಲಿಲ್ಲ.

ತಿಥಿಯ ಅಂಕಿಯ ಮುಂದೆ ಬರುವ ‘ಲು’ ಎಂಬ ಅಕ್ಷರವನ್ನು ಇಲ್ಲಿಯೇ ಗಮನಿಸಬೇಕು. ‘ಶು ೩ ಲು’ ಎಂಬಂಥ ಬರವಣಿಗೆ ಆ ಕಾಲದಲ್ಲಿ ತೀರ ಸಾಮಾನ್ಯ. ವಿದ್ಯಾರ್ಥಿಗಳು ಇದನ್ನೂ ಒಂದು ಸಂಕೇತವೆಂದು ಎಣಿಸಿ, ಯಾವ ಪದದ ಮೊದಲಕ್ಷರವಿರಬಹುದೆಂದು ಹುಡುಕುವುದುಂಟು. ಅದು ಸಂಕೇತವಲ್ಲ, ಸಪ್ತಮೀವಿಭಕ್ತಿಯ ಪ್ರತ್ಯಯ. ‘ಕಾಲದಲು’, ‘ಪುಣ್ಯಕಾಲದಲು’ ಎಂಬಲ್ಲಿ ಇರುವುದೂ ಇದೇ. ಲೇಖಕನು ತದಿಗೆಯೆಂಬ ಪದಕ್ಕೆ ಬದಲಾಗಿ ಅಂಕಿಯನ್ನು ಬರೆದನು. ಆದರೆ ಆ ಪದಕ್ಕೆ ಹತ್ತಬೇಕಾದ ಪ್ರತ್ಯಯವನ್ನು ಬಿಡಲಿಲ್ಲ. ಏಕೆಂದರೆ ಓದುವವನು ಅಂಕಿಯನ್ನು ಅಂಕಿಯಾಗಿ ಓದದೆ ‘ಶುದ್ಧ ತದಿಗೆಯಲು’ ಎಂದು ಬಾಯಿತುಂಬ ಓದುತ್ತಿದ್ದನು. ಸಂಕೇತವು ಕಣ್ಣಿಗೆ, ಪೂರ್ಣಪದವು ಬಾಯಿಗೆ ಎಂಬ ಈ ವಿಭಾಗವೇ ಆ ಕಾಲದ ಕಟ್ಟುಪಾಡಿನ ತಿರುಳೆಂದು ನಮ್ಮ ಅಭಿಪ್ರಾಯ. ಊರವರ ಮುಂದೆ, ದೇವಸ್ಥಾನದ ಸ್ಥಾನಿಕರ ಮುಂದೆ ಗಟ್ಟಿಯಾಗಿ ಓದಲ್ಪಡುವ ಬರವಣಿಗೆಯಲ್ಲಿ ಒಂದಕ್ಷರವನ್ನು ಕಂಡಕೂಡಲೆ ಇಡಿಯ ಪದವನ್ನು ನುಡಿಯಬಲ್ಲವರು ಇರುವವರೆಗೆ ಮೊಟಕುಮಾಡುವುದರಿಂದ ಏನೂ ನಷ್ಟವಿರಲಿಲ್ಲ.

ಇಷ್ಟರ ಮೇಲೂ ಅಂಕಿಗಳನ್ನೇ ಪೂರ್ತಿಯಾಗಿ ನಂಬಬಾರದೆಂಬುದಕ್ಕೆ ವಿರೂಪಾಕ್ಷ ದೇವಾಲಯದ ಪ್ರಸಿದ್ಧ ಶಾಸನವೇ ಸಾಕ್ಷಿ. ಸಂಸ್ಕೃತ ಮತ್ತು ಕನ್ನಡ ಎರಡು ಭಾಷೆಗಳಲ್ಲಿರುವ ಈ ಶಾಸನವನ್ನು ಡಾ. ಹುಲ್ಟ್ಸ್ ಅವರು ‘ಎಪಿಗ್ರಾಫಿಯ ಇಂಡಿಕ’ದ ಮೊದಲನೆಯ ಸಂಪುಟದಲ್ಲಿಯೇ ಪ್ರಕಟಿಸಿದರು. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕೋತ್ಸವದ ಸಂದರ್ಭದಲ್ಲಿ ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿ, ಸಿಂಗಿನಾಯಕನಹಳ್ಳಿಯನ್ನು ವಿರೂಪಾಕ್ಷದೇವರಿಗೆ ಬಿಟ್ಟ ವಿಷಯ ಇದರಲ್ಲಿದೆ. ಇಂದು ಬಜಾರಿನಿಂದ ದೇವಸ್ಥಾನದೊಳಕ್ಕೆ ಹೋಗುವ ಪ್ರತಿಯೊಬ್ಬ ಯಾತ್ರಿಕನೂ ಆ ಮಂಟಪವನ್ನು ದಾಟಿಯೇ ಗರ್ಭಗುಡಿಯ ಕಡೆಗೆ ಹೋಗುತ್ತಾನೆ. ಶಾಸನದ ಕಾಲ: ಶಕವರ್ಷ ೧೪೩೦, ಶುಕ್ಲ ಸಂವತ್ಸರ, ಮಾಘ ಶುದ್ಧ ೧೪. ಸಂದುಹೋದ ಶಕ ೧೪೩೦ಕ್ಕೆ ಸರಿಯಾದ ಸಂವತ್ಸರ ವಿಭವ. ಶುಕ್ಲ ಸಂವತ್ಸರವು ಸಂದುಹೋದ ೧೪೩೧ಕ್ಕೆ ಬರುತ್ತದೆ. ಅಂಕಿಯನ್ನು ಹಿಡಿದರೆ ೧೫೦೯ನೆಯ ಇಸವಿಯ ಮಾಘ. ಹೆಸರನ್ನು ಹಿಡಿದರೆ ೧೫೧೦ನೆಯ ಇಸವಿಯ ಜನವರಿ ೨೩–೨೪. ವಿದ್ವಾಂಸರು ಹೆಸರನ್ನೇ ಹಿಡಿದು ೧೫೧೦ ಎಂದು ನಿರ್ಣಯಿಸಿರುವುದು ಯುಕ್ತವಾಗಿದೆ. ಅಂಕಿಯಲ್ಲಿ ಒಂದು ಹೆಚ್ಚುಕಡಮೆಯಾಗುವುದು ಸುಲಭ. ಅಕ್ಷರಗಳಲ್ಲಿ ಬರೆದ ಶುಕ್ಲವು ತಪ್ಪಿ ವಿಭವವಾಗುವುದು ಕಷ್ಟ. ರಾಯನ ಆಳಿಕೆಯ ಆರಂಭದ ಘಟನೆಗಳ ಅನುಕ್ರಮವೇ ಈ ಒಂದು ವರ್ಷದ ಮೇಲೆ ನಿಂತಿರುವುದರಿಂದ ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಸಂವತ್ಸರದ ಹೆಸರನ್ನು ಮೊಟಕುಮಾಡದೆ ಬರೆಯುವ ಪದ್ಧತಿ ಇರದಿದ್ದರೆ, ತಪ್ಪನ್ನು ತಿದ್ದುವುದಿರಲಿ, ತಪ್ಪಾಗಿದೆಯೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಹಣದ ಲೆಕ್ಕಕ್ಕೆ ಬಂದರೆ ವಿಷಯವು ಇನ್ನಷ್ಟು ಸ್ವಾರಸ್ಯವಾಗುತ್ತದೆ. ಗದ್ಯಾಣಕ್ಕೆ ‘ಗ’, ಪಣಕ್ಕೆ ‘ಪ’ ಎಂದು ಬರೆಯುವುದು ವಿಜಯನಗರಕ್ಕಿಂತ ಹಿಂದಿನಿಂದಲೂ ಬಂದ ರೂಢಿ. ವಿಜಯನಗರ ಕಾಲದಲ್ಲಿ ವರಾಹಮುದ್ರೆಯ ನಾಣ್ಯಕ್ಕೆ ‘ವರಹ’ವೆಂಬ ಹೆಸರು ಪ್ರಚಾರಕ್ಕೆ ಬಂದ ಮೇಲೆಯೂ ಸಂಕೇತ ಮಾತ್ರ ಬದಲಾಗಲಿಲ್ಲ. ‘ಘಟ್ಟಿ ವರಹ ಗ’ ಎಂದು ಬರೆದು ಮುಂದೆ ಅಂಕಿಯನ್ನಿಟ್ಟ ಶಾಸನಗಳನ್ನು ಓದಿದವರಿಗೆ ಇದರ ಪರಿಚಯವಿದ್ದೇ ಇರುತ್ತದೆ. ಇಲ್ಲಿ ‘ಗ’ ಎಂಬುದು ಗದ್ಯಾಣದ ಮೊದಲಕ್ಷರವಾಗಿ ಉಳಿಯದೆ, ಹೊನ್ನಿನ ನಾಣ್ಯವನ್ನು ಸೂಚಿಸುವ ಬರಿಯ ಚಿಹ್ನೆಯಾಗಿದೆ. ಪದವು ಹಿಂದೆ ಸರಿದರೂ ಅದರ ತುಂಡು ಉಳಿಯಿತು. ಹೀಗಾದಾಗ ಆ ಚಿಹ್ನೆಯನ್ನು ಪುನಃ ‘ಗದ್ಯಾಣ’ವೆಂದು ಬಿಡಿಸುವ ಸಂಪಾದಕನು ಶಾಸನವು ಹೇಳಿದ್ದಕ್ಕಿಂತ ಹೆಚ್ಚನ್ನು ಹೇಳಿದಂತಾಗುತ್ತದೆ, ‘ವರಹ ಗದ್ಯಾಣ’ವೆಂಬ ಹೊಸ ನಾಣ್ಯವೊಂದು ಪುಸ್ತಕದಲ್ಲಿ ಹುಟ್ಟಿಕೊಳ್ಳುತ್ತದೆ!

ಗದ್ಯಾಣವೆಂಬುದೂ ಎಲ್ಲೆಡೆ ಒಂದೇ ಬೆಲೆಯದಾಗಿರಲಿಲ್ಲ. ವಿಜಯನಗರದ ಆಳಿಕೆಗೆ ಸೇರಿದ್ದ ಕರಾವಳಿಯಲ್ಲಿ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ, ಕಾಟಿ ಗದ್ಯಾಣ ಎಂಬ ಭೇದಗಳಿದ್ದವು. ಆ ಸೀಮೆಯ ಶಾಸನಗಳು ಬರಿಯ ‘ಗ’ವನ್ನು ಬರೆದು ಸುಮ್ಮನಾಗದೆ, ಯಾವ ಗದ್ಯಾಣವೆಂಬ ವಿಶೇಷಣವನ್ನು ಪೂರ್ಣವಾಗಿ ಬರೆದು ಅನಂತರ ಸಂಕೇತವನ್ನಿಡುತ್ತವೆ. ವಿವಾದಕ್ಕೆ ಎಡೆಯಿರುವ ಭಾಗವನ್ನು ಬಿಡಿಸಿ ಬರೆಯುವುದು, ಎಲ್ಲರಿಗೂ ತಿಳಿದ ಭಾಗವನ್ನು ಮೊಟಕುಮಾಡುವುದು ಎಂಬ ವಿವೇಕವು ಇಲ್ಲಿ ಎದ್ದು ಕಾಣುತ್ತದೆ. ಪಣದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಶಾಸನಗಳಲ್ಲಿ ಗದ್ಯಾಣಕ್ಕೆ ಹತ್ತು ಪಣವೆಂಬ ಗಣನೆ ಸಾಮಾನ್ಯ. ಆದರೆ ೧೪೪೩ರಲ್ಲಿ ರಾಜಧಾನಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ವರಹದ ಅರ್ಧ ಪ್ರತಾಪವೆಂದೂ ಪ್ರತಾಪದ ಹತ್ತರಲ್ಲೊಂದು ಪಣವೆಂದೂ ಬರೆದಿದ್ದಾನೆ. ಅವನ ಲೆಕ್ಕದಂತೆ ವರಹಕ್ಕೆ ಇಪ್ಪತ್ತು ಪಣಗಳಾಗುತ್ತವೆ. ‘ಪ ೫’ ಎಂಬ ಬರವಣಿಗೆಯನ್ನು ಕಂಡು ದೇವಸ್ಥಾನದ ಆದಾಯವನ್ನು ವರಹಗಳಿಗೆ ಪರಿವರ್ತಿಸಹೊರಡುವವನು, ಯಾವ ಕಾಲದ ಯಾವ ಸೀಮೆಯ ಪಣವೆಂಬುದನ್ನು ನಿಶ್ಚಯಿಸಿಕೊಳ್ಳದಿದ್ದರೆ ಉತ್ತರವು ಇಮ್ಮಡಿಯಾಗಬಹುದು, ಇಲ್ಲವೆ ಅರೆಯಾಗಬಹುದು.

ಇಂಥ ಅಪಾಯವನ್ನು ಲೇಖಕರು ಬಲ್ಲವರಾಗಿದ್ದರೆಂಬುದಕ್ಕೆ ಪ್ರಬಲವಾದ ಪ್ರಮಾಣವೆಂದರೆ ಕ್ರಯಪತ್ರಗಳಲ್ಲಿಯೂ ದತ್ತಿಯ ಶಾಸನಗಳಲ್ಲಿಯೂ ಬರುವ ‘ಅಕ್ಷರದಲು’ ಎಂಬ ಮಾತು. ಮೊದಲು ‘ಗ’ ಎಂಬ ಸಂಕೇತದೊಡನೆ ಮೊತ್ತವನ್ನು ಅಂಕಿಯಲ್ಲಿ ಬರೆದು, ಅನಂತರ ‘ಅಕ್ಷರದಲು’ ಎಂದು ಹೇಳಿ, ಅದೇ ಮೊತ್ತವನ್ನು ನಾಣ್ಯದ ಹೆಸರಿನೊಡನೆ ಪದಗಳಲ್ಲಿ ಪುನಃ ಬರೆಯುವರು. ಇಂದಿನ ಬ್ಯಾಂಕಿನ ಚೆಕ್ಕಿನಲ್ಲಿ ನಾವು ಮಾಡುವುದೂ ಇದನ್ನೇ. ಅಂಕಿಗೆ ಒಂದು ಸೊನ್ನೆಯನ್ನು ಸೇರಿಸುವುದು ವಂಚಕನಿಗೆ ಕಷ್ಟವಲ್ಲ. ಹತ್ತನ್ನು ನೂರೆಂದು ತಿದ್ದಬೇಕಾದರೆ ಕಲ್ಲನ್ನೇ ಕೆತ್ತಿಹಾಕಬೇಕು. ಸಂಕ್ಷಿಪ್ತರೂಪ ಮತ್ತು ಪೂರ್ಣರೂಪಗಳಲ್ಲಿ ಯಾವುದು ಸರಿಯೆಂದು ನಾವು ಇಂದು ಚರ್ಚಿಸುತ್ತೇವೆ. ಅವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದಕ್ಕೆ ಇನ್ನೊಂದನ್ನು ಸಾಕ್ಷಿಯಾಗಿಸಿದರು.

ಅಳತೆಗಳ ಸಂಕೇತಗಳು ಇದಕ್ಕಿಂತ ತೊಡಕಿನವು. ಖಂಡುಗಕ್ಕೆ ‘ಖ’, ಕೊಳಗಕ್ಕೆ ‘ಕೊ’ ಎಂದು ಬರೆಯುವುದುಂಟು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ನಾಲ್ಕು ಬಳ್ಳಕ್ಕೆ ಒಂದು ಕೊಳಗ. ಬಳ್ಳವನ್ನು ಮೊಟಕುಮಾಡಿದರೆ ಬಹುಳದ ‘ಬ’ವೇ ಬರುತ್ತದೆ, ಇಲ್ಲಿಯೂ ಸ್ಥಾನವೇ ಅರ್ಥವನ್ನು ನಿರ್ಣಯಿಸಬೇಕು. ಖಂಡುಗವಾದರೋ ಧಾನ್ಯದ ಅಳತೆಯೂ ಹೌದು, ಅಷ್ಟು ಬೀಜವನ್ನು ಬಿತ್ತಬಹುದಾದ ಭೂಮಿಯ ಅಳತೆಯೂ ಹೌದು. ಕಂಪ್ಲಿ, ಹೊಸಪೇಟೆಗಳ ಕಡೆಯ ತುಂಗಭದ್ರೆಯ ಕಾಲುವೆಗಳ ಕೆಳಗಣ ಗದ್ದೆಯಲ್ಲಿ ಒಂದು ಖಂಡುಗ ಬೀಜ ಹಿಡಿಸುವ ನೆಲವೂ ಸಂಡೂರಿನ ಗುಡ್ಡದ ಮಗ್ಗುಲಿನ ಹೊಲದಲ್ಲಿ ಅಷ್ಟೇ ಬೀಜ ಹಿಡಿಸುವ ನೆಲವೂ ವಿಸ್ತೀರ್ಣದಲ್ಲಿ ಸಮನಾಗಿರಲಾರವು. ‘ಖ’ ಎಂಬುದನ್ನು ಇಷ್ಟು ಎಕರೆಯೆಂದು ಕಣ್ಣುಮುಚ್ಚಿ ಪರಿವರ್ತಿಸಿರುವ ಲೇಖನಗಳು ನಮ್ಮಲ್ಲಿ ಬಂದಿಲ್ಲವೆಂದು ಹೇಳುವಂತಿಲ್ಲ. ಆ ಕಾಲದ ಒಕ್ಕಲಿಗನಿಗೆ ಮಾತ್ರ ಇದರಲ್ಲಿ ಸಂದೇಹವಿರಲಿಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ದಂಥ ಗ್ರಂಥಗಳಿಂದ ಹಿಡಿದು ಊರೂರಿನ ಕೂಲಿಮಠಗಳಲ್ಲಿ ಹುಡುಗರು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದ ಕೋಷ್ಟಕಗಳವರೆಗೆ ಈ ಪದಗಳ ಪೂರ್ಣರೂಪವೂ ಅವುಗಳ ಪರಸ್ಪರ ಸಂಬಂಧವೂ ಬಾಯಿಪಾಠವಾಗಿ ಉಳಿದುಬಂದಿದ್ದವು. ಶಾನುಭೋಗನ ಕಡತದಲ್ಲಿದ್ದ ‘ಖ’ಕ್ಕೆ ಬೆಂಬಲವಾಗಿ ನಿಂತಿದ್ದುದು ಈ ಬಾಯಿಪಾಠ.

ಈ ಬಾಯಿಪಾಠವು ಕಡಿದುಹೋದುದು ಬಹಳ ಹಿಂದೇನೂ ಅಲ್ಲ. ೧೯೫೭ನೆಯ ಏಪ್ರಿಲ್ ಒಂದರಿಂದ ದಶಮಾಂಶ ನಾಣ್ಯಪದ್ಧತಿಯು ಜಾರಿಗೆ ಬಂದಿತು. ತೂಕ ಅಳತೆಗಳೂ ಅದನ್ನೇ ಹಿಂಬಾಲಿಸಿದವು. ಅದಕ್ಕೆ ಮೊದಲಿನ ಲೆಕ್ಕದ ಪುಸ್ತಕಗಳಲ್ಲಿ ‘ರೂ. ಆ. ಪೈ.’ ಎಂಬ ಮೂರು ಅಂಕಣಗಳಿದ್ದವು. ಅಲ್ಲಿಯ ‘ಪೈ’ಯು ರೂಪಾಯಿಯ ನೂರತೊಂಬತ್ತೆರಡರಲ್ಲಿ ಒಂದು ಪಾಲು. ಹೊಸ ಪದ್ಧತಿಯಲ್ಲಿ ‘ನ. ಪೈ.’ ಎಂದರೆ ನಯಾಪೈಸೆ, ರೂಪಾಯಿಯ ನೂರರಲ್ಲೊಂದು. ೧೯೬೪ನೆಯ ಜೂನ್ ಒಂದರಿಂದ ‘ನಯಾ’ ಎಂಬ ವಿಶೇಷಣವನ್ನು ಕೈಬಿಟ್ಟುದರಿಂದ ಪೈಸೆಯ ಸಂಕೇತವೂ ಬರಿಯ ‘ಪೈ’ ಆಯಿತು. ಹೀಗೆ ಏಳೆಂಟು ವರ್ಷಗಳ ಅಂತರದಲ್ಲಿ ಒಂದೇ ಸಂಕೇತವು ಎರಡು ಬೆಲೆಗಳನ್ನು ಪಡೆಯಿತು. ಹಳೆಯ ದೇವಸ್ಥಾನದ ಲೆಕ್ಕಪುಸ್ತಕವನ್ನೋ ವರ್ತಕರ ಖಾತೆಯನ್ನೋ ಇಂದಿನ ವಿದ್ಯಾರ್ಥಿಯ ಕೈಗೆ ಕೊಟ್ಟು, ‘ಪೈ’ ಅಂಕಣದಲ್ಲಿ ಹನ್ನೊಂದಕ್ಕಿಂತ ಹೆಚ್ಚಿನ ಅಂಕಿ ಏಕೆ ಬರುವುದಿಲ್ಲವೆಂದು ಕೇಳಿ ನೋಡಬಹುದು. ನಾನೂರು ವರ್ಷಗಳ ಹಿಂದಿನ ‘ಪ’ಕಾರವನ್ನು ಕುರಿತ ಎಚ್ಚರಿಕೆಯು ಅರುವತ್ತು ವರ್ಷಗಳ ಹಿಂದಿನ ‘ಪೈ’ಗೂ ಬೇಕಾಗಿದೆ.

ಶಾಸನಗಳಲ್ಲಿ ಎಂದೂ ಮೊಟಕಾಗದ ಭಾಗಗಳಾವುವೆಂಬುದನ್ನು ಇನ್ನು ನೋಡಬೇಕು. ದಾನಭೂಮಿಯ ಚತುಸ್ಸೀಮೆಯ ವಿವರ, ಅಷ್ಟಭೋಗ ತೇಜಸ್ಸ್ವಾಮ್ಯಗಳ ಹೇಳಿಕೆ, ಪಡೆದವನ ಗೋತ್ರ ಸೂತ್ರಗಳು, ಶಾಪಾಶಯ ಇವುಗಳಲ್ಲಿ ಸಂಕೇತಗಳು ಕಾಣುವುದು ವಿರಳ. ನಾಳೆ ಮೊಕದ್ದಮೆ ಹುಟ್ಟಬಹುದಾದ ಸ್ಥಳಗಳು ಇವೇ. ತಾಮ್ರಶಾಸನಗಳ ಕೊನೆಯಲ್ಲಿ ಬರುವ ರಾಜನ ಒಪ್ಪವೂ ಹಾಗೆಯೇ. ನಂದಿನಾಗರಿ ಲಿಪಿಯಲ್ಲಿ ಸಂಸ್ಕೃತ ಶ್ಲೋಕಗಳು ಮುಗಿದ ಮೇಲೆ, ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುತ್ತದೆ. ರಾಜನ ಹೆಸರು ಇಲ್ಲ, ಸಂಕೇತಾಕ್ಷರಗಳ ರುಜುವೂ ಇಲ್ಲ. ಬಜಾರಿನ ಪಶ್ಚಿಮದ ತುದಿಯಲ್ಲಿರುವ ದೇವರ ಹೆಸರೇ ಸಾಮ್ರಾಜ್ಯದ ಒಪ್ಪ. ಲಿಪಿಯನ್ನು ತಿಳಿಯದವನೂ ಅದನ್ನು ಗುರುತಿಸಬಹುದಾಗಿತ್ತು.

ಇದುವರೆಗೆ ಹೇಳಿದುದು ಶಾಸನಗಳನ್ನು ಬರೆದವರ ವಿಷಯ. ಅವುಗಳನ್ನು ಸಂಗ್ರಹಿಸಿ ಅಚ್ಚುಹಾಕಿದವರ ಸಂಕೇತಗಳು ಬೇರೊಂದು ಬಗೆಯವು. ಬಿ. ಎಲ್. ರೈಸ್ ಅವರು ೧೮೮೬ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಪ್ರತಿಯೊಂದು ತಾಲ್ಲೂಕಿಗೂ ಇಂಗ್ಲಿಷಿನ ಎರಡಕ್ಷರಗಳ ಸಂಕೇತವಿದೆ, ಶಿಕಾರಿಪುರಕ್ಕೆ ‘ಎಸ್‌ಕೆ’, ಬೇಲೂರಿಗೆ ‘ಬಿಎಲ್’ ಎಂಬಂತೆ. ಮೂರು ತಲೆಮಾರುಗಳ ಸಂಶೋಧಕರು ಈ ಸಂಕೇತಗಳಲ್ಲಿಯೇ ಮಾತನಾಡಿದರು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಪರಿಷ್ಕೃತ ಆವೃತ್ತಿಯನ್ನು ಆರಂಭಿಸಿದಾಗ ಸಂಪುಟಗಳ ಕ್ರಮವೂ ಶಾಸನಗಳ ಸಂಖ್ಯೆಗಳೂ ಬದಲಾದವು. ಇಂದು ‘ಎ. ಕ.’ ಎಂದಷ್ಟೇ ಬರೆದು ಸಂಪುಟಸಂಖ್ಯೆಯನ್ನು ಕೊಟ್ಟರೆ ಯಾವ ಆವೃತ್ತಿಯೆಂಬುದು ತಿಳಿಯುವುದಿಲ್ಲ. ಹಂಪೆಯು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ಶಾಸನಗಳು ರೈಸರ ಸಂಪುಟಗಳಲ್ಲಿ ಇಲ್ಲ. ಅವು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ೧೯೨೩ರ ನಾಲ್ಕನೆಯ ಸಂಪುಟದಲ್ಲಿಯೂ, ೧೯೩೯ ಮತ್ತು ೧೯೪೧ರಲ್ಲಿ ಎರಡು ಭಾಗಗಳಾಗಿ ಬಂದ ಒಂಬತ್ತನೆಯ ಸಂಪುಟದಲ್ಲಿಯೂ ಸೇರಿವೆ. ಅನುವಾದವಿಲ್ಲದೆ ಮೂಲಪಾಠವನ್ನಷ್ಟೇ ಕೊಡುವ ಈ ಸಂಪುಟಗಳು ಸಂಕೇತಗಳನ್ನು ಇದ್ದಂತೆಯೇ ಅಚ್ಚುಮಾಡಿರುವುದು ಒಳ್ಳೆಯದೇ ಆಯಿತು.

ಆಡಳಿತದ ಗಡಿಗಳು ಬದಲಾಗುತ್ತ ಬಂದುದರಿಂದ ಈ ತೊಡಕು ಇಮ್ಮಡಿಸಿದೆ. ಬಳ್ಳಾರಿ ಜಿಲ್ಲೆಯ ಬಹುಭಾಗವು ೧೯೫೩ನೆಯ ಅಕ್ಟೋಬರ್ ಒಂದರಂದು ಮೈಸೂರು ರಾಜ್ಯಕ್ಕೆ ಸೇರಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆಯೂ ಹಂಪೆಯೂ ಹೊಸ ಜಿಲ್ಲೆಯಲ್ಲಿವೆ. ಕಂಪ್ಲಿ, ಸಂಡೂರುಗಳು ಬಳ್ಳಾರಿಯಲ್ಲಿಯೇ ಉಳಿದಿವೆ. ‘ಬ. ಜಿ.’ ಎಂದು ಬರೆದ ಹಳೆಯ ಪಟ್ಟಿಗಳಲ್ಲಿ ಅರ್ಧದಷ್ಟು ಸ್ಥಳಗಳು ಈಗ ಆ ಜಿಲ್ಲೆಯಲ್ಲಿ ಇಲ್ಲ. ರೈಲ್ವೆಯವರು ಮಾತ್ರ, ಊರಿನ ಇಂಗ್ಲಿಷ್ ಹೆಸರು ೨೦೧೪ರಲ್ಲಿ ಹಾಸ್ಪೆಟ್‌ನಿಂದ ಹೊಸಪೇಟೆಗೆ ಬದಲಾದರೂ, ‘ಎಚ್‌ಪಿಟಿ’ ಎಂಬ ಹಳೆಯ ಮೂರಕ್ಷರವನ್ನು ಬಿಟ್ಟಿಲ್ಲ. ಅದೃಷ್ಟವಶಾತ್ ಅದು ಹೊಸ ಹೆಸರಿಗೂ ಹೊಂದುತ್ತದೆ.

ಸ್ಮಾರಕಗಳ ಹೆಸರುಗಳಲ್ಲಿ ನಡೆದಿರುವ ಪಲ್ಲಟವು ಇದಕ್ಕಿಂತ ಗಂಭೀರವಾದುದು. ಅಚ್ಯುತರಾಯನ ಗುಡಿಯೆಂದು ಎಲ್ಲರೂ ಕರೆಯುವ ದೇವಾಲಯವು ೧೫೩೪ರಲ್ಲಿ ಹಿರಿಯ ತಿರುಮಲರಾಜನು ಕಟ್ಟಿಸಿದ ತಿರುವೆಂಗಳನಾಥನ ಆಲಯ. ದೇವರ ಹೆಸರು ಹೋಗಿ ಅರಸನ ಹೆಸರು ಉಳಿಯಿತು. ಅದರ ಮುಂದಣ ಅಂಗಡಿಬೀದಿಗೆ ಮಾರ್ಗದರ್ಶಿಗಳು ಹೇಳುವ ‘ಸೂಳೆ ಬಜಾರ್’ ಎಂಬ ಹೆಸರನ್ನು ಕೇಳಿದ ಯಾತ್ರಿಕನಿಗೆ, ಅದು ವೈಷ್ಣವ ಕ್ಷೇತ್ರವೊಂದರ ತೇರುಬೀದಿಯೆಂಬುದು ಹೊಳೆಯುವುದೇ ಇಲ್ಲ. ಪ್ರಸನ್ನ ವಿರೂಪಾಕ್ಷನ ಗುಡಿಯು ‘ನೆಲದಡಿಯ ಶಿವಾಲಯ’ವಾಗಿದೆ. ರಾಮಚಂದ್ರ ದೇವಾಲಯಕ್ಕೆ ‘ಹಜಾರ ರಾಮ’ನೆಂಬ ಹೆಸರು ನೆಲೆಗೊಂಡಿದೆ. ಗೋಡೆಗಳ ಮೇಲಣ ರಾಮಾಯಣದ ಶಿಲ್ಪಗಳನ್ನು ನೋಡಿ ಇದನ್ನು ಪಾರಸಿಯ ಸಾವಿರ ಎಂಬ ಅರ್ಥಕ್ಕೆ ಹೊಂದಿಸುವವರಿದ್ದಾರೆ. ಅರಮನೆಯ ಆವರಣದ ನಡುವೆ ನಿಂತ ಗುಡಿಗೆ ನಮ್ಮ ಮನೆಗಳ ‘ಹಜಾರ’ವೆಂಬ ಮಾತಿನ ಸಂಬಂಧವೇ ಹೆಚ್ಚು ಸಹಜವಾಗಿ ತೋರುತ್ತದೆ. ‘ಕಮಲ ಮಹಲ್’ ಎಂಬುದು ಹತ್ತೊಂಬತ್ತನೆಯ ಶತಮಾನದ ಆಂಗ್ಲ ಪ್ರವಾಸಿಗರ ಕಲ್ಪನೆ. ಅದಕ್ಕೆ ಮೊದಲು ಕರ್ನಲ್ ಮೆಕೆಂಜಿಯ ನಕ್ಷೆಯಲ್ಲಿ ಅದೇ ಕಟ್ಟಡವು ಮಂತ್ರಾಲೋಚನೆಯ ಸಭಾಗೃಹವೆಂದು ಗುರುತಾಗಿದೆ. ವಾಡಿಕೆಯ ಹೆಸರು ಪ್ರಚಾರದಲ್ಲಿರುವುದು ತಪ್ಪಲ್ಲ. ಆದರೆ ಶಾಸನದ ಹೆಸರನ್ನು ಎಲ್ಲಿಯೂ ಬರೆಯದೆ ವಾಡಿಕೆಯ ಹೆಸರನ್ನಷ್ಟೇ ಫಲಕಕ್ಕೆ ಏರಿಸಿದಾಗ ಕಟ್ಟಡಕ್ಕೂ ಅದನ್ನು ಕುರಿತ ದಾಖಲೆಗೂ ಇದ್ದ ನಂಟು ಕಡಿದುಹೋಗುತ್ತದೆ.

ಹಂಪಿ ಬಜಾರ್ ಎಂಬ ಹೆಸರೂ ಈ ವಿಚಾರಕ್ಕೆ ಹೊರತಲ್ಲ. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸನು ಈ ದೇವಾಲಯದ ಮುಂದಣ ಬೀದಿಯನ್ನು ವರ್ಣಿಸುತ್ತ, ಮೊಗಸಾಲೆಗಳುಳ್ಳ ಮನೆಗಳ ಸಾಲುಗಳನ್ನೂ ಅಲ್ಲಿ ಯಾತ್ರಿಕರು ಇಳಿದುಕೊಳ್ಳುತ್ತಿದ್ದುದನ್ನೂ ಹೇಳಿದ್ದಾನೆ. ತೇರು ಎಳೆಯುವ ಬೀದಿ, ಯಾತ್ರಿಕರ ಬಿಡಾರ, ಅಂಗಡಿಗಳ ಸಾಲು ಈ ಮೂರೂ ಅದಾಗಿದ್ದಿತು. ರಥಬೀದಿಯೆಂದರೆ ಅದರ ಒಂದು ಮುಖ, ಬಜಾರೆಂದರೆ ಇನ್ನೊಂದು. ೨೦೧೧ನೆಯ ಜುಲೈ ತಿಂಗಳಿನಲ್ಲಿ ಸಾಲುಮಂಟಪಗಳಲ್ಲಿದ್ದ ಮನೆಗಳನ್ನೂ ಅಂಗಡಿಗಳನ್ನೂ ತೆರವುಮಾಡಿಸಿದ ಮೇಲೆ ಹೆಸರು ಮಾತ್ರ ಬಜಾರ್ ಆಗಿಯೇ ಉಳಿದಿದೆ. ಆ ಬೀದಿ ಯಾರದು, ಯಾವುದಕ್ಕೆ ಎಂಬ ವಾದದಲ್ಲಿ ಒಬ್ಬೊಬ್ಬರು ಒಂದೊಂದು ಹೆಸರನ್ನು ಹಿಡಿದು ಮಾತನಾಡಿದುದು ಸಹಜವೇ ಆಗಿತ್ತು. ಈ ಪ್ರದೇಶದ ಮೇಲ್ವಿಚಾರಣೆಗಾಗಿ ೨೦೦೨ರ ಅಧಿನಿಯಮದಂತೆ ರಚಿತವಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಪತ್ರಿಕೆಗಳು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ‘ಹವಾಮ’ ಎಂದು ಬರೆಯುತ್ತವೆ. ಹೊರಗಿನಿಂದ ಬಂದವರಿಗೆ ಇದು ಹವಾಮಾನ ಇಲಾಖೆಯೆಂದು ತೋರಿದರೆ ಆಶ್ಚರ್ಯವಿಲ್ಲ.

ಸಂಕೇತವನ್ನು ಚೆನ್ನಾಗಿ ಬಳಸಿದ ಆಧುನಿಕ ನಿದರ್ಶನವೂ ಇಲ್ಲಿಯೇ ದೊರೆಯುತ್ತದೆ. ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಷೆಲ್ ಅವರು ೧೯೮೦ರಿಂದ ನಡೆಸಿದ ವಿಜಯನಗರ ಸಂಶೋಧನಾ ಯೋಜನೆಯಲ್ಲಿ ಇಡಿಯ ನಿವೇಶನವನ್ನು ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದು ಚೌಕಕ್ಕೂ ಅಕ್ಷರಗಳನ್ನು, ಅದರೊಳಗಿನ ಕಟ್ಟಡಗಳಿಗೆ ಸಂಖ್ಯೆಗಳನ್ನು ಕೊಡಲಾಯಿತು. ಈ ಸಂಕೇತಗಳು ನೋಡುವುದಕ್ಕೆ ಒರಟು. ಆದರೆ ನಕ್ಷೆಯು ಜತೆಗಿರುವುದರಿಂದ ಹೆಸರಿಲ್ಲದ ಪಾಳುಮಂಟಪವನ್ನೂ ಸಂದೇಹವಿಲ್ಲದೆ ಗುರುತಿಸಬಹುದು. ಪಾಣಿನಿಯು ‘ಅಚ್’, ‘ಹಲ್’ ಎಂಬ ಪ್ರತ್ಯಾಹಾರಗಳನ್ನು ಧಾರಾಳವಾಗಿ ಬಳಸಬಲ್ಲವನಾದುದು ಮೊದಲಲ್ಲಿಯೇ ಅಕ್ಷರಸಮಾಮ್ನಾಯವಿದ್ದುದರಿಂದ ಎಂಬುದನ್ನು ಇಲ್ಲಿ ನೆನೆಯಬಹುದು. ಗಣಕಯಂತ್ರಗಳ ಅಂತಾರಾಷ್ಟ್ರೀಯ ಪಟ್ಟಿಗಳಲ್ಲಿ ನಮ್ಮ ಭಾಷೆಗೆ ‘ಕೆ, ಎನ್’ ಎಂಬ ಎರಡಕ್ಷರ, ಲಿಪಿಗೆ ಬೇರೆ ನಾಲ್ಕಕ್ಷರ ಇರುವುದೂ ಇದೇ ಕ್ರಮದಲ್ಲಿ. ಪ್ರತಿಯೊಂದು ತುಂಡಿಗೂ ಪಟ್ಟಿಯಲ್ಲಿ ಪೂರ್ಣನಾಮವಿದೆ. ಆದರೂ ಪೂರ್ಣನಾಮವೇ ದಾರಿತಪ್ಪಿಸುವುದೂ ಉಂಟು. ಕಾಲು, ಅರೆ, ಮುಕ್ಕಾಲು ಮೊದಲಾದ ಭಿನ್ನಾಂಕಗಳಿಗೆ ನಮ್ಮ ಕಡತಗಳಲ್ಲಿ ಬಳಸುತ್ತಿದ್ದ ಗೆರೆಗಳಿಗೆ ಯೂನಿಕೋಡ್ ೨೦೦೯ರಲ್ಲಿ ಸ್ಥಾನ ಕೊಟ್ಟಿತು. ಅವು ಕನ್ನಡಕ್ಕೂ ಸಲ್ಲುತ್ತವೆಂದು ಅಲ್ಲಿಯೇ ನಮೂದಾಗಿದ್ದರೂ, ಅವುಗಳ ಅಧಿಕೃತ ಹೆಸರು ‘ಉತ್ತರಭಾರತದ ಭಿನ್ನಾಂಕ’ ಎಂದಿರುವುದರಿಂದ ಕನ್ನಡದ ವಿಭಾಗದಲ್ಲಿ ಹುಡುಕುವವನಿಗೆ ಸಿಕ್ಕುವುದಿಲ್ಲ.

ಶಾಸನಪಾಠಗಳನ್ನು ಗಣಕಕ್ಕೆ ಏರಿಸುವ ಕೆಲಸವು ಈಗ ಅನೇಕ ಕಡೆ ನಡೆಯುತ್ತಿರುವುದರಿಂದ ಈ ವಿಷಯಕ್ಕೆ ತುರ್ತು ಒದಗಿದೆ. ಹುಡುಕುವುದಕ್ಕೆ ಅನುಕೂಲವಾಗಲೆಂದು ಎಲ್ಲ ‘ಶು’ಗಳನ್ನೂ ಒಮ್ಮೆಗೇ ‘ಶುದ್ಧ’ವೆಂದು ತಿದ್ದಿಬಿಟ್ಟರೆ ಶುಕ್ರವಾರಗಳೆಲ್ಲ ಶುದ್ಧವಾಗಿಬಿಡುತ್ತವೆ, ಎಲ್ಲ ‘ಗ’ಗಳನ್ನೂ ‘ಗದ್ಯಾಣ’ವೆಂದು ಬಿಡಿಸಿದರೆ ವರಹಗಳು ಮಾಯವಾಗುತ್ತವೆ. ಮೂಲದಲ್ಲಿ ಏನಿತ್ತೆಂಬುದನ್ನು ಮುಂದಿನವರು ತಿಳಿಯಬೇಕಾದರೆ ಪುನಃ ಕಲ್ಲಿನ ಬಳಿಗೇ ಹೋಗಬೇಕಾದೀತು. ಆ ವೇಳೆಗೆ ಕಲ್ಲು ಓದುವಂತಿರುವುದೆಂಬ ಭರವಸೆಯೇನು? ಆದುದರಿಂದ ಒಂದು ಅಂಕಣದಲ್ಲಿ ಶಾಸನದಲ್ಲಿದ್ದಂತೆಯೇ ‘ಶು ೩ ಲು’ ಎಂಬುದನ್ನೂ, ಅದರ ಪಕ್ಕದ ಅಂಕಣದಲ್ಲಿ ‘ಶುದ್ಧ ತದಿಗೆಯಲು’ ಎಂಬ ಓದನ್ನೂ, ಮೂರನೆಯದರಲ್ಲಿ ಗಣಿಸಿದ ಇಂಗ್ಲಿಷ್ ತಾರೀಖನ್ನೂ ಬೇರೆಬೇರೆಯಾಗಿ ಇಡತಕ್ಕದ್ದು. ‘ಅಕ್ಷರದಲು’ ಎಂಬ ಮಾತಿನ ಹಿಂದಿನ ಅಂಕಿಯನ್ನೂ ಮುಂದಿನ ಪದಗಳನ್ನೂ, ಅವು ಒಂದಕ್ಕೊಂದು ಹೊಂದದಿದ್ದಲ್ಲಿಯೂ ಕೂಡ, ಹೊಂದಿಸಹೋಗದೆ ಹಾಗೆಯೇ ಉಳಿಸಬೇಕು.